ಖಾದರ್ ಸಾಹೇಬರ ಫಾರ್ಸಲಸ್

ಖಾದರ್ ಸಾಹೇಬರ ಎದುರು ಸಕ್ಕರೆ ತುಂಡುಗಳ ಬಟ್ಟಲು ಇಡಬಾರದಿತ್ತು. ಇಟ್ಟರೆ ಯುದ್ಧ ಶುರು. ಸ್ವೀಡನ್ನಿನ ಶೋವ್ಡೆ ಊರಿನ ನಮ್ಮ ಪುಟ್ಟ ಬಿಡಿಭಾಗಗಳ ಕಂಪನಿಯಲ್ಲಿ ದಿನಕ್ಕೆರಡು ಸಲ ಫೀಕಾ, ಅಂದರೆ ಕಾಫಿ ಬಿಡುವು. ದಿನಕ್ಕೆರಡು ಸಲ ರೋಮನ್ನರ ಅಂತರ್ಯುದ್ಧ. ಚಮಚ ನದಿ, ತುಂಡುಗಳು ಸೈನ್ಯ. ಸೀಸರ್ ಯಾವಾಗಲೂ ಅವರೇ. ನಾನು ಪಾಂಪೆ, ಸೋಲುವವಳು.

“ನೋಡಮ್ಮ ಶಬಾನಾ, ಫಾರ್ಸಲಸ್ ಯುದ್ಧದಲ್ಲಿ ಪಾಂಪೆ ಹತ್ರ ಡಬಲ್ ಜನ ಇದ್ರು. ಸೀಸರ್ ಏನ್ ಮಾಡ್ದ? ಹಿಂದೆ ಒಂದು ಲೈನ್ ಬಚ್ಚಿಟ್ಟ. ಕುದುರೆ ಮೇಲೆ ಶೋಕಿ ಹುಡುಗ್ರು ನುಗ್ಗಿದ್ರಲ್ಲ, ‘ಮುಖಕ್ಕೇ ಚುಚ್ರೋ’ ಅಂದ. ಮ್ಯಾಚ್ ಫಿನಿಶ್!” ಎಂದು ನನ್ನ ಸೈನ್ಯವನ್ನು ತಮ್ಮ ಕಾಫಿಗೆ ಹಾಕಿಕೊಂಡು ಕುಡಿದುಬಿಡುತ್ತಿದ್ದರು.

ಜಂಬದ ಮನುಷ್ಯ. ಯಾರು ಮಾತಾಡಿದರೂ ಅರ್ಧಕ್ಕೇ ತಡೆದು ತಿದ್ದುವ ಚಟ ಬೇರೆ. ಹಿಮದ ಮೇಲೆ ಕಾರು ಓಡಿಸುವುದನ್ನು ನನಗೆ ಕಲಿಸಿದವರೂ ಇವರೇ ಎಂಬುದು ನೆನಪಾದರೆ ಸಿಟ್ಟು ಇನ್ನಷ್ಟು ಏರುತ್ತದೆ.

2009ರ ಆರ್ಥಿಕ ಹಿಂಜರಿತದಲ್ಲಿ ನಮ್ಮಿಬ್ಬರಲ್ಲಿ ಒಬ್ಬರ ಕೆಲಸದ ಕರಾರು ಮಾತ್ರ ಮುಂದುವರಿಯುತ್ತದೆ ಎಂದಾಯಿತು. ಇನ್ನೊಬ್ಬರು ವೀಸಾ ಕಳೆದುಕೊಂಡು ಸಂಸಾರ ಸಮೇತ ದೇಶ ಬಿಡಬೇಕು. ಆ ವಾರವೇ ಒಂದು ಬಿಡಿಭಾಗದ ಡ್ರಾಯಿಂಗಿನಲ್ಲಿ ನಾನು ಅಳತೆ ತಪ್ಪು ಹಾಕಿದ್ದೆ. ಹಿರಿಯರಲ್ಲವೇ ಎಂದು ಅವರಿಗೇ ತೋರಿಸಿ ತಿದ್ದಿಸಿಕೊಂಡೆ. “ಬಿಡಮ್ಮ, ಯಾರ್ಗೂ ಹೇಳಲ್ಲ” ಎಂದಿದ್ದರು. ಸೋಮವಾರದ ಮೀಟಿಂಗಿನಲ್ಲಿ ಆ ತಪ್ಪು ಡ್ರಾಯಿಂಗಿನ ಪ್ರತಿ ಅವರ ಬ್ಯಾಗಿನಿಂದ ಹೊರಬಂತು. ಎಲ್ಲರೆದುರು ಬೆರಳಿಟ್ಟು ತೋರಿಸಿದರು. ನಾನು ಅವಮಾನದಿಂದ ಕುಗ್ಗಿಹೋದೆ. ಸ್ವೀಡಿಷರು ಒಬ್ಬೊಬ್ಬರೂ ತಮ್ಮ ತಮ್ಮ ಕಾಫಿ ಲೋಟ ನೋಡುತ್ತ ಕೂತರು. ಸಾಹೇಬರು ಗೆದ್ದೆ ಅಂದುಕೊಂಡರು. ಜೊತೆಯವರ ಮಾನವನ್ನು ಮೀಟಿಂಗಿನಲ್ಲಿ ಕಳೆಯುವವನನ್ನು ಆ ಜನ ಹತ್ತಿರ ಸೇರಿಸುವುದಿಲ್ಲವೆಂದು ಮೂರು ವರ್ಷ ಅಲ್ಲಿದ್ದೂ ಅವರಿಗೆ ತಿಳಿದಿರಲಿಲ್ಲ. ಕರಾರು ನನಗೆ ಸಿಕ್ಕಿತು.

ಮುಂದಿನ ಭಾನುವಾರ ನಮ್ಮ ಮನೆ ಬಾಗಿಲಿಗೆ ಬಂದರು. ತಮ್ಮ ಮಗಳ ಶಾಲೆಯ ವರ್ಷ ಮುಗಿಯುವವರೆಗಾದರೂ ತಮ್ಮನ್ನು ಇಟ್ಟುಕೊಳ್ಳಲು ನಾನು ಮ್ಯಾನೇಜರಿಗೆ ಒಂದು ಮಾತು ಹೇಳಬೇಕಂತೆ.

“ಗೆದ್ದ ಮೇಲೆ ಸೀಸರ್ ಎಷ್ಟೋ ಜನ ಶತ್ರುಗಳನ್ನ ಮಾಫ್ ಮಾಡ್ದ, ಗೊತ್ತಾಮ್ಮ?”

ಅಷ್ಟು ವರ್ಷದ ಫೀಕಾಗಳಲ್ಲಿ ಈ ಭಾಗವನ್ನು ಅವರು ಒಮ್ಮೆಯೂ ಹೇಳಿರಲಿಲ್ಲ.

“ಗೊತ್ತು ಸಾಹೇಬ್ರೆ. ಹಾಗೆ ಮಾಫಿ ಸಿಕ್ಕಿದೋರೇ ಆಮೇಲೆ ಅವನನ್ನ ಇರಿದ್ರು” ಎಂದೆ.

ಬಾಗಿಲು ಹಾಕುವಾಗ ನೋಡಿದೆ: ಸಾಹೇಬರ ಹಿಂದೆ, ಕೆಳಗಿನ ಮೆಟ್ಟಿಲಲ್ಲಿ ಮಗಳು ನಿಂತಿದ್ದಳು. ತಿಂಗಳೊಳಗೆ ಆ ಸಂಸಾರ ಊರು ಬಿಟ್ಟಿತು. ನಾನು ಮಾಡಿದ್ದು ತಪ್ಪಲ್ಲವೆಂದು ಇಂದಿಗೂ ವಾದಿಸಬಲ್ಲೆ. ಆದರೆ ಆ ಹುಡುಗಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು.