ಕನ್ನಡದಲ್ಲಿ ಹಾಕಿದ ರುಜು

ದೆಹಲಿಯ ಮುನಿರ್ಕಾದ ಬಾಡಿಗೆ ಮನೆಯಿಂದ ನಾನು ಕಾಲೇಜು ಹುಡುಗರಿಗೆ ಊಟದ ಡಬ್ಬಿ ಕಳಿಸುತ್ತಿದ್ದೆ. ದಾಲ್ ತಿಂದು ಬೇಸತ್ತ ನಮ್ಮ ಕಡೆಯವರು ಹುಳಿಯ ವಾಸನೆಗೇ ಮೆಟ್ಟಿಲು ಹತ್ತಿ ಬರುತ್ತಿದ್ದರು. ಉಳಿದ ಹಣವನ್ನೆಲ್ಲ ನನ್ನೊಬ್ಬಳ ಹೆಸರಿನ ಖಾತೆಗೆ ಹಾಕುತ್ತಿದ್ದೆ. ಘಾಜಿಯಾಬಾದಿನಲ್ಲಿ ಒಂದೇ ಕೋಣೆಯ ಫ್ಲ್ಯಾಟಾದರೂ ಸರಿ, ನನ್ನದು ಅಂತ ಇರಬೇಕು ಎಂಬ ಹಟ. ತವರುಮನೆ ಅಪ್ಪನದು, ಈ ಮನೆ ಗಂಡನದು. ನನ್ನ ಮನೆ ಯಾವುದೆಂದು ಯಾರೂ ಹೇಳಿರಲಿಲ್ಲ.

ಖಾತೆ ತೆರೆಯುವಾಗ ಕನ್ನಡದಲ್ಲೇ ರುಜು ಹಾಕಿದ್ದೆ. ಕೌಂಟರಿನಾಕೆ "ಯೇ ಜಲೇಬಿ ಕ್ಯಾ ಹೈ?" ಎಂದು ನಕ್ಕಿದ್ದಳು. ನನ್ನ ಗಂಡನಿಗೂ ಅದು ಜಲೇಬಿಯೇ. ದೆಹಲಿಯಲ್ಲೇ ಹುಟ್ಟಿ ಬೆಳೆದವರು, ಕನ್ನಡ ಮಾತಾಡುತ್ತಾರೆ, ಅಕ್ಷರ ಬಾರದು. ಚೆಕ್ ಪುಸ್ತಕ, ನನ್ನ ರುಜು ಇದ್ದ ಪಾಸ್‌ಬುಕ್ಕು ಎರಡೂ ಅವರ ಬೀರುವಿನಲ್ಲೇ ಇರುತ್ತಿದ್ದವು. ಬೀರುವಿನ ಕೀಲಿ ಗಂಡಸರ ಹತ್ತಿರ ಇರುವುದೇ ನಮ್ಮಲ್ಲಿ ರೂಢಿ.

ಆ ವರ್ಷ ಅವರಿಗೆ ಗೆಳೆಯನ ಜೊತೆ ಪ್ರಾಪರ್ಟಿ ಡೀಲರ್ ಆಗುವ ಹುಚ್ಚು ಹಿಡಿಯಿತು. "ನಿನ್ನ ದುಡ್ಡು ಸುಮ್ನೆ ಕೊಳೀತಾ ಇದೆ, ಕೊಡು" ಅಂದರು. ಕೊಡೋಲ್ಲ ಅಂದೆ. "ಹೋಗ್ಲಿ, ರುಜುನಾದ್ರೂ ಇಂಗ್ಲಿಷಿಗೆ ಬದಲಾಯ್ಸು." ಅದಕ್ಕೂ ಒಪ್ಪಲಿಲ್ಲ. ಉಪ್ಪು ಕಮ್ಮಿಯಾದರೂ ಕೂಗಾಡುವ ಮನುಷ್ಯ ಅಂದು ಸುಮ್ಮನೆ ಎದ್ದು ಹೋದರು. ನನಗೆ ಯಾಕೋ ಹೆದರಿಕೆಯಾಯಿತು.

ಕೆಲವು ದಿನ ಬಿಟ್ಟು ನೋಡಿದರೆ, ಮಗಳಿಗೆ ನಾನು ಅಕ್ಷರ ಕಲಿಸುತ್ತಿದ್ದ ಸ್ಲೇಟು ಹಿಡಿದು ಕೂತಿದ್ದಾರೆ! ಜೊತೆಗಿದ್ದ ಅತ್ತೆಗೆ ಸಂತೋಷವೋ ಸಂತೋಷ. "ಈಗಲಾದ್ರೂ ಬುದ್ಧಿ ಬಂತಲ್ಲ ನನ್ನ ಮಗನಿಗೆ" ಅಂದರು. ನಾನೂ ಕರಗಿಹೋದೆ. ದಿನಾ ಸಂಜೆ ಬರೆಯುತ್ತಿದ್ದರು. ನಾನು ಹತ್ತಿರ ಹೋದರೆ ಮಾತ್ರ ಅಂಗೈಯಿಂದ ಒರೆಸಿಬಿಡುತ್ತಿದ್ದರು. ನಾಚಿಕೆ ಇರಬೇಕು ಅಂದುಕೊಂಡೆ, ಪೆದ್ದಿ.

"ಮಮ್ಮಿ, ಪಾಪಾ ರೋಜ್ ನಿನ್ನ ಹೆಸರೇ ಬರೀತಾರೆ" ಎಂದಳು ಮಗಳು ಒಂದು ದಿನ. ಒಂದು ಕ್ಷಣ ನನ್ನ ಕೆನ್ನೆ ಬಿಸಿಯಾದದ್ದು ನಿಜ. ಆದರೆ ಮರುಕ್ಷಣವೇ ಸ್ಲೇಟು ಎತ್ತಿಕೊಂಡು ಅವರ ಮುಂದೆ ಹೋಗಿ ನಿಂತೆ.

ಅವರ ಕೈಗೆ ಬಳಪ ಕೊಟ್ಟು, "ಮಗಳ ಹೆಸರು ಬರೀರಿ ನೋಡೋಣ" ಅಂದೆ.

"ಅಷ್ಟೊಂದು ಎಲ್ಲಿ ಕಲ್ತಿದೀನಿ?"

"ನಿಮ್ಮದು?"

ಬಳಪ ಕೆಳಗಿಟ್ಟರು. ಅತ್ತೆಯ ಮುಖದ ನಗು ಹೋಯಿತು.

ಅಪ್ಪನಿಗೆ ಸೋಲಾಯಿತೆಂದು ಮಗಳಿಗೆ ಅವಮಾನ. "ಮಮ್ಮಿದು ಆತಾ ಹೈ ಪಾಪಾಗೆ, ಬರತ್ತೆ! ಐಸೇ, ಹೀಗೆ" ಎನ್ನುತ್ತಾ ಸ್ಲೇಟು ಕಸಿದುಕೊಂಡು ನನ್ನ ಹೆಸರು ಬರೆದಳು. ಕೊನೆಯ ಅಕ್ಷರದಿಂದ ಬಾಲ ಎಳೆದು, ಕೆಳಗೊಂದು ಗೆರೆ ಹಾಕಿ, ಎರಡು ಚುಕ್ಕಿ ಇಟ್ಟಳು.

ಆ ಗೆರೆ, ಆ ಚುಕ್ಕಿ ನಾನು ಅವಳಿಗೆ ಕಲಿಸಿದ್ದಲ್ಲ. ಅವನ್ನು ನಾನು ಹಾಕುತ್ತಿದ್ದದ್ದು ಬ್ಯಾಂಕಿನ ರುಜುವಿನಲ್ಲಿ ಮಾತ್ರ.