ಒಂದೇ ಮಾತು, ಮೂವರು ಅಜ್ಜಿಯರು

ಎಲ್ಲರ ಕೆಲಸವೂ ಹೋಗುತ್ತಿದ್ದ ಆ ವರ್ಷಗಳಲ್ಲಿ ನಾನು ಅಮೆರಿಕದ ವೆಸ್ಟ್‌ಮಂಟ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಅಳಿಯನಿಗೆ ಅಲ್ಲಿಯ ಕೆಲಸ ಹೋಗಿ ಡೆಟ್ರಾಯಿಟ್ ಕಡೆ ಇನ್ನೊಂದು ಸಿಕ್ಕಿತ್ತು. ಪುರುಸೊತ್ತಾದಾಗ ಡ್ರೈವ್ ಮಾಡಿಕೊಂಡು ಬಂದು ಹೋಗುತ್ತಿದ್ದ. ಮೊಮ್ಮಗಳನ್ನು ಡೇಕೇರ್ ಬಿಡಿಸಿದ್ದರು.

ಆ ಅಪಾರ್ಟ್‌ಮೆಂಟಿನಲ್ಲಿ ನನ್ನ ಹಾಗೆ ಮಗು ಕಾಯುವವರು ಇನ್ನಿಬ್ಬರಿದ್ದರು. ಎದುರು ಬಾಗಿಲಿನ ಪೋಲೆಂಡಿನ ಅಜ್ಜಿ, ಮೇಲಿನ ಮನೆಯ ಮೆಕ್ಸಿಕೋದ ಅಜ್ಜಿ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಕೈಸನ್ನೆಯಲ್ಲೇ ಮಾತಾಡಿಕೊಂಡು, ದಿನಕ್ಕೊಬ್ಬರ ಮನೆಯಂತೆ ಎಲ್ಲ ಮಕ್ಕಳನ್ನೂ ಸೇರಿಸಿ ನೋಡಿಕೊಳ್ಳುತ್ತಿದ್ದೆವು. ಮಕ್ಕಳಿಗೆ ಆಟ, ನಮಗೆ ಜನ.

ಮೊಮ್ಮಗಳಿಗೆ ಎರಡು ವರ್ಷ ತುಂಬಿದರೂ ಮಾತು ಕಡಿಮೆ. ಡಾಕ್ಟರ ಮುಂದಂತೂ ತುಟಿ ಬಿಚ್ಚಲಿಲ್ಲ. ಇಷ್ಟೊಂದು ಭಾಷೆ ಕಿವಿಗೆ ಬಿದ್ದರೆ ಮಗುವಿಗೆ ಗಲಿಬಿಲಿಯಾಗುತ್ತದೆ, ಒಂದೇ ಭಾಷೆ ಆಡಿ ಎಂದು ಅವರು ಹೇಳಿ ಕಳಿಸಿದರು. ಮಗಳು ಕಾರಿನಲ್ಲೇ ಅತ್ತಳು. ಮನೆಗೆ ಬಂದವಳೇ ನನಗೆ ಕಟ್ಟಳೆ ಹಾಕಿದಳು.

"ಅಮ್ಮಾ, ಇನ್ಮೇಲೆ ಇವಳ ಹತ್ರ ಬರೀ ಇಂಗ್ಲಿಷ್."

"ನಂಗೆ ಬರೋದೇ ನಾಕು ಪದ ಕಣೇ."

"ಬಂದಷ್ಟು ಮಾತಾಡು. ಬರ್ದೇ ಇದ್ರೆ ಸುಮ್ನಿರು. ಸರಿಹೋಗ್ಲಿಲ್ಲ ಅಂದ್ರೆ ಅವರಿಬ್ಬರ ಮನೆಗೂ ಕಳಿಸಲ್ಲ."

ಎರಡು ವಾರ ಕಮ್, ಈಟ್, ಸ್ಲೀಪ್ ಎನ್ನುತ್ತ ಮಗು ಸಾಕಿದೆ, ನಾಯಿ ಸಾಕಿದ ಹಾಗೆ. ಅದು ನನ್ನ ಮುಖ ನೋಡಿ ನೋಡಿ ಬೇರೆ ಕಡೆ ತಿರುಗಿಬಿಡುತ್ತಿತ್ತು.

ಆಮೇಲೊಂದು ದಿನ, ನಮ್ಮ ಮನೆಯ ಸರದಿ. ಅಜ್ಜಿಯರಿಬ್ಬರೂ ಬಂದಿದ್ದರು. ಮಗಳು ರಜ ಹಾಕಿದ್ದಳು. ಮೆಕ್ಸಿಕೋದ ಅಜ್ಜಿ ಬ್ರೆಡ್ ತಂದಿದ್ದಳು. ಮಗು ಅವಳ ಮುಂದೆ ಕೈ ಚಾಚಿ "ಪಾನ್" ಎಂದಿತು. ಅವಳ ಭಾಷೆಯಲ್ಲಿ ಹಾಗೆಂದರೆ ಬ್ರೆಡ್ಡು. ಮೊದಮೊದಲು ನಾನು ಎಲೆ ಅಡಿಕೆ ಎಂದುಕೊಂಡಿದ್ದೆ. ಅವಳು ಒಂದು ತುಂಡು ಮುರಿದು ಕೊಟ್ಟಳು. ಅಷ್ಟರಲ್ಲಿ ಪಾರ್ಸೆಲ್ ತಂದವನು ಬಾಗಿಲು ಬಡಿದ. ಮಗು ಬ್ರೆಡ್ ಅಗಿಯುತ್ತಲೇ ಓಡಿ, ಪೋಲೆಂಡಿನ ಅಜ್ಜಿಯ ಲಂಗ ಜಗ್ಗಿ, ಬಾಗಿಲ ಕಡೆ ಬೆರಳು ತೋರಿಸಿತು. "ಪಾನ್!"

"ಅವನಿಗೂ ಬ್ರೆಡ್ ಕೊಡು ಅಂತಾಳಾ?" ಎಂದಳು ಮಗಳು.

"ಮಿಸ್ಟರ್! ಮಿಸ್ಟರ್!" ಎಂದು ಪೋಲೆಂಡಿನ ಅಜ್ಜಿ ಹಿಗ್ಗಿದಳು. ಅವರಲ್ಲಿ ಗಂಡಸರಿಗೆ ಮರ್ಯಾದೆ ಕೊಟ್ಟು ಕರೆಯುವುದು ಪಾನ್ ಎಂದೇ, ನಾವು ಯಜಮಾನರೇ ಅನ್ನುವಂತೆ.

ನಾನು ಬಜ್ಜಿ ಕರಿಯಲು ಬಾಂಡ್ಲಿ ತೆಗೆದೆ. ಮಗಳು ಎದುರಿಗೇ ಇದ್ದಾಳಲ್ಲ, ಅದನ್ನು ಮಗುವಿಗೆ ತೋರಿಸಿ "ಪ್ಯಾನ್" ಎಂದೆ.

ಮಗು ನನ್ನನ್ನು ಮೇಲಿಂದ ಕೆಳಗೆ ನೋಡಿತು, ಮನೆ ತಪ್ಪಿ ಬಂದವಳನ್ನು ನೋಡುವ ಹಾಗೆ. ಆಮೇಲೆ ತಿದ್ದಿತು. "ಅಜ್ಜೀ, ಬಾನ್ಲಿ."

ಮಗಳು ಕುರ್ಚಿ ಎಳೆದುಕೊಂಡು ಕೂತಳು. "ಇವಳಿಗೆ ಗಲಿಬಿಲಿ ಆಗಿಲ್ಲ, ಅಲ್ವೇನಮ್ಮ?"

"ಆಗಿರೋದು ನಿಂಗೆ."

ಅವಳು ಕಂಪ್ಯೂಟರಿನಲ್ಲಿ ಹುಡುಕಿ ಓದಿ ಹೇಳಿದಳು. ಬರೆಯುವಾಗ ಮೂರೂ ಅವೇ ಮೂರು ಅಕ್ಷರವಂತೆ, ಪಿ, ಎ, ಎನ್. ಆದರೆ ಬ್ರೆಡ್ಡಿನ ಪಾನ್ ಹಳೆಯ ರೋಮಿನವರದು, ಯಜಮಾನನ ಪಾನ್ ಪೋಲೆಂಡಿನವರ ಹಿಂದಿನವರದು, ಇಂಗ್ಲಿಷಿನ ಪ್ಯಾನ್ ಬೇರೆಯೇ ಕಡೆಯದು. ನೆಂಟಸ್ತನವೇ ಇಲ್ಲ. ಎಲ್ಲೆಲ್ಲಿಂದಲೋ ಹೊರಟ ಮೂರು ಮಾತುಗಳು ಒಂದೇ ವೇಷ ಹಾಕಿಕೊಂಡು, ಸಮುದ್ರ ದಾಟಿ, ನಮ್ಮ ಅಡುಗೆಮನೆಗೆ ಬಂದು ಸೇರಿದ್ದವು!

ನಾನು ಓದಿದ್ದು ಮೂರನೇ ಕ್ಲಾಸು. ಸುಮ್ಮಸುಮ್ಮನೆ ಬೆರಗಾಗುವ ಪೈಕಿಯೂ ಅಲ್ಲ. ಅವತ್ತು ಮಾತ್ರ ಬಾಂಡ್ಲಿ ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ. ವೇಷಕ್ಕೆ ಮೋಸಹೋಗದೆ, ಎದುರಿನ ಮುಖ ನೋಡಿ ಮಾತು ಆರಿಸಿಕೊಳ್ಳುವುದನ್ನು ಆ ಹಿಡಿಯಷ್ಟು ತಲೆಗೆ ಯಾರು ಕಲಿಸಿದರು? ನಾವು ಮೂವರು ಮುದುಕಿಯರಂತೂ ಅಲ್ಲ. ನಾವು ಕಲಿಸಿದ್ದು ಮೂಗು ಒರೆಸಿಕೊಳ್ಳುವುದನ್ನು. ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ.

"ನೀನು ನಿನ್ನ ಮಾತೇ ಆಡಮ್ಮ" ಎಂದಳು ಮಗಳು, ನನ್ನ ಕಡೆ ನೋಡದೆ.

ನಾನು ಬಾಂಡ್ಲಿ ಒಲೆಯ ಮೇಲಿಟ್ಟು ಎಣ್ಣೆ ಸುರಿದೆ. ಮಗು ಕಾಲಿಗೇ ಬಂದು ಅಂಟಿಕೊಂಡಿತು. ಎರಡು ವಾರದಿಂದ ಗಂಟಲಲ್ಲಿ ಕೂತಿದ್ದುದೆಲ್ಲ ಒಂದೇ ಸಲ ಹೊರಗೆ ಬಂತು.

"ಒಲೆ ಹತ್ರ ಬರ್ಬೇಡ್ವೇ ಮುಂಡೇದೇ! ಎಣ್ಣೆ ಕಾಯ್ತಿದೆ, ಆ ಕಡೆ ಹೋಗು!"

"ಹೋಗಲ್ಲ" ಎಂದಿತು ಮಗು.