ಶೇಖರಣ್ಣ ಗ್ಯಾಲರಿಯಲ್ಲಿ ನಿಂತದ್ದು

ಶೇಖರಣ್ಣನಿಗೆ ಕುಳಿತುಕೊಳ್ಳಲು ಬರುತ್ತಿರಲಿಲ್ಲ. ಡೊಂಬಿವಲಿಯಿಂದ ಮುಂಬೈಗೆ ಹೋಗುವ ಬೆಳಗಿನ ಲೋಕಲ್ ರೈಲಿನಲ್ಲಿ ಸೀಟಿಗಾಗಿ ಜನ ಜಗಳಕ್ಕೆ ನಿಂತರೆ, ಈ ಮನುಷ್ಯ ಅಪರೂಪಕ್ಕೆ ಸಿಕ್ಕ ಸೀಟನ್ನೂ ಬೇರೆಯವರಿಗೆ ಕೊಟ್ಟು, ಮೇಲಿನ ಹಿಡಿಕೆಗೆ ಜೋತು ಬಿದ್ದು ಕಾಲು ಕುಣಿಸುತ್ತಿದ್ದರು. ಉಡುಪಿ ಕಡೆಯವರು, ಕೊರಿಯರ್ ಆಫೀಸಿನಲ್ಲಿ ಗುಮಾಸ್ತರು. ರೈಲು ದಿವಾ ಸ್ಟೇಷನ್ ದಾಟುವುದರೊಳಗೆ ಅಂದಿನ ಪ್ರಶ್ನೆ ನನ್ನ ಮುಂದೆ ಹೊರಬೀಳುತ್ತಿತ್ತು.

"ಪಾಟೀಲ್ರೆ, ಒಂದು ಲೆಕ್ಕ ಉಂಟು. ಅಶ್ವಿನಿಗೆ ಬರಲಿಲ್ಲ. ನನಗೂ ಬರಲಿಲ್ಲ. ಸ್ವಲ್ಪ ನೋಡಿ ಮಾರಾಯ್ರೆ."

ಅಶ್ವಿನಿ ಅವರ ಒಬ್ಬಳೇ ಮಗಳು, ಒಂಬತ್ತನೆಯ ತರಗತಿ. ಗಣಿತದ ದೆಸೆಯಿಂದ ಹತ್ತಕ್ಕೆ ಹೋಗುವುದೇ ಅನುಮಾನವಾಗಿತ್ತು. ಟ್ಯೂಷನ್‌ಗೆ ಹಾಕಿ ಎಂದರೆ ಕೇಳುತ್ತಿರಲಿಲ್ಲ. "ಮಗಳು ನನ್ನವಳು, ಹೆದರಿಕೆಯೂ ನನ್ನದೇ. ಬೇರೆಯವರಿಗೆ ಒಪ್ಪಿಸಿದ್ರೆ ನನಗೆ ನಿದ್ದೆ ಬರ್ತದಾ?"

ರೈಲಿನ ನಮ್ಮ ಡಬ್ಬದಲ್ಲಿ ಗಣಿತ ಬಲ್ಲವರಿಗೇನೂ ಬರವಿರಲಿಲ್ಲ. ಬ್ಯಾಂಕಿನವರೊಬ್ಬರು ಒಂದು ರೀತಿ ಬಿಡಿಸಿದರೆ, ಕಾರ್ಖಾನೆಯ ಎಂಜಿನಿಯರ್ ಇನ್ನೊಂದು ರೀತಿ. ಬಿಜಾಪುರದ ಶಾಲೆಯಲ್ಲಿ ನಾನು ಕಲಿತದ್ದು ಮೂರನೆಯದು. ಶೇಖರಣ್ಣ ಮೂರನ್ನೂ ಪೇಪರಿನ ಅಂಚಿನಲ್ಲಿ ಗೀಚಿಕೊಂಡು, ಸಂಜೆ ಮನೆಗೆ ಹೋಗಿ ಮೂರನ್ನೂ ಕಲಿಸುತ್ತಿದ್ದರು. ಒಂದು ಸಾಲದೇ ಎಂದು ಕೇಳಿದ್ದೆ.

"ಫಾಸ್ಟ್ ಲೋಕಲ್ಲಿನ ಟ್ರ್ಯಾಕ್ ಬಂದ್ ಆದ್ರೆ ಸ್ಲೋ ಲೋಕಲ್ ಹಿಡೀಲಿಕ್ಕೆ ಆಗ್ತದಲ್ಲ?"

ಪಾಪ, ಆ ಹುಡುಗಿ ಶಾಲೆಯ ಪರೀಕ್ಷೆಯಲ್ಲಿ ಬ್ಯಾಂಕಿನವರ ದಾರಿಯಲ್ಲಿ ಹೊರಟು, ಎಂಜಿನಿಯರರ ದಾರಿಗೆ ಹಾರಿ, ನನ್ನ ದಾರಿಯಲ್ಲಿ ಸಿಕ್ಕಿಬಿದ್ದಳು. ಉತ್ತರ ಪತ್ರಿಕೆಯ ತುಂಬ ಕೆಂಪು ಶಾಯಿ. ಮರುದಿನ ರೈಲಿನಲ್ಲಿ ಶೇಖರಣ್ಣ ಆ ಪತ್ರಿಕೆಯನ್ನೇ ತಿರುವಿ ತಿರುವಿ ನೋಡುತ್ತಿದ್ದರು. ದಾದರಿನಲ್ಲಿ ಇಳಿಯುವುದನ್ನೂ ಮರೆತರು. ಡಬ್ಬದವರೆಲ್ಲ ನಕ್ಕೆವು, ಆದರೆ ನನಗೆ ಒಳಗೊಳಗೇ ಕಸಿವಿಸಿಯಾಯಿತು.

ವಾರ್ಷಿಕ ಪರೀಕ್ಷೆಗೆ ಮುಂಚಿನ ಭಾನುವಾರ ಕರೆದರೆಂದು ಅವರ ಮನೆಗೆ ಹೋದೆ. ಮಗಳು ನೆಲದ ಮೇಲೆ ಕುಳಿತಿದ್ದಳು, ಅಪ್ಪ ಅವಳ ಬೆನ್ನ ಹಿಂದೆ ಸುತ್ತುತ್ತಿದ್ದರು. ಪೆನ್ಸಿಲ್ ನಿಂತರೆ ಸಾಕು, "ಇಲ್ಲಿ ಭಾಗಿಸು, ಭಾಗಿಸು" ಎಂದು ಬೆರಳು ತೂರಿಸುತ್ತಿದ್ದರು.

ಅವಳು ತಲೆಯೆತ್ತದೆ ಹೇಳಿದಳು: "ಪಪ್ಪಾ, ಥೋಡಾ ಬಾಹರ್ ಜಾವೋ ನಾ. ಮುಝೆ ಸೋಚ್ನೇ ದೋ."

ಶೇಖರಣ್ಣನ ಮುಖ ಸಪ್ಪಗಾಯಿತು. ನನಗೆ ನೋಡಲಾಗಲಿಲ್ಲ.

"ಬರ್ರಿ ಶೇಖರಣ್ಣ, ಗ್ಯಾಲರಿಗೆ ಹೋಗೂಣು. ಹುಡುಗಿ ವಿಚಾರ ಮಾಡ್ಲಿ" ಎಂದೆ.

ಗ್ಯಾಲರಿಯ, ಅಂದರೆ ಬಾಲ್ಕನಿಯ, ಗ್ರಿಲ್ ಹಿಡಿದು ನಿಂತರು. ಲೋಕಲ್ಲಿನಲ್ಲಿದ್ದಂತೆಯೇ ಕಾಲು ಕುಣಿಸತೊಡಗಿದರು.

"ತಪ್ಪು ದಾರಿ ಹಿಡಿದ್ರೆ ಎಂತ ಮಾಡುದು?"

"ಹಿಡೀಲಿ ಬಿಡ್ರಿ. ತಿರುಗಿ ಬರ್ತಾಳ."

ಎರಡು ಸಲ ಒಳಗೆ ನುಗ್ಗಲು ಹೋದರು, ಎರಡು ಸಲವೂ ತೋಳು ಹಿಡಿದೆ. ಹೆಂಡತಿ ತಂದಿಟ್ಟ ಚಹಾ ಹಾಗೇ ಆರಿತು. ಕೊನೆಗೆ ಒಳಗಿನಿಂದ "ಹೋ ಗಯಾ" ಎಂಬ ದನಿ ಬಂತು. ಓಡಿಹೋಗಿ ನೋಡಿದರೆ ಉತ್ತರ ಸರಿಯಿತ್ತು. ಬಿಡಿಸಿದ್ದು ಅವಳ ಟೀಚರ್ ಹೇಳಿಕೊಟ್ಟ ದಾರಿಯಲ್ಲಿ. ನಮ್ಮ ಮೂರರಲ್ಲಿ ಒಂದೂ ಅಲ್ಲ.

ಅಶ್ವಿನಿ ಪಾಸಾದಳು. ಆಮೇಲೆ ಶೇಖರಣ್ಣನನ್ನು ಕಳಂಬೋಲಿಯ ಆಫೀಸಿಗೆ ಹಾಕಿದರು. ಇನ್ನು ಅವರದು ಬಸ್ಸಿನ ದಾರಿ. ಲೋಕಲ್ಲಿನ ಕೊನೆಯ ದಿನವೂ ನಿಂತೇ ಇದ್ದರು.

"ಈಗಲೂ ಅವಳು ಓದಲಿಕ್ಕೆ ಕೂತ್ರೆ ನಾನು ಗ್ಯಾಲರಿಯಲ್ಲೇ. ಕಲಿಸುದಕ್ಕಿಂತ ಇದು ಕಷ್ಟ, ಪಾಟೀಲ್ರೆ."

ಮತ್ತೆ ಅವರನ್ನು ಕಾಣಲಿಲ್ಲ. ಈಗ ನನ್ನ ಮಗ ಲೆಕ್ಕ ಮಾಡಲು ಕೂರುತ್ತಾನೆ. ಅವನ ಪೆನ್ಸಿಲ್ ನಿಂತಾಗ ನನ್ನ ಬೆರಳು ತಾನಾಗಿ ಮುಂದೆ ಹೋಗುತ್ತದೆ. ಎದ್ದು ಗ್ಯಾಲರಿಗೆ ಹೋಗಿ ಗ್ರಿಲ್ ಹಿಡಿಯುತ್ತೇನೆ. ತೋಳು ಹಿಡಿದು ನಿಲ್ಲಿಸಲು ಪಕ್ಕದಲ್ಲಿ ಶೇಖರಣ್ಣ ಇರಬೇಕಿತ್ತು.